ಮೂರನೆಯ ಕೈಯ ಹೆಬ್ಬೆರಳು

ಬಾಗಿಲಲ್ಲಿ ಕುಳಿತಿದ್ದ ಹುಡುಗಿ ರಜಿಸ್ಟರನ್ನು ಮುಂದೆ ಸರಿಸಿ, ಮುಖವನ್ನೂ ಎತ್ತದೆ, "ಪೇರೆಂಟ್ ಏನ್ರಿ? ಪೇರೆಂಟ್ಸಿಗೆ ಒಳಗ ಎಡಕ್ಕ ಚಾ ಇಟ್ಟಾರ," ಎಂದಳು. ಸುಶೀಂದ್ರನಿಗೆ ಅಲ್ಲಿಂದಲೇ ತಿರುಗಿ ಹೋಗಿಬಿಡಬೇಕೆನಿಸಿತು. ಇಪ್ಪತ್ತಾರು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನಿಗೆ, ತಲೆ ನರೆತದ್ದಷ್ಟೇ ಕಂಡು, ಚಹಾದ ದಾರಿ ತೋರಿಸುತ್ತಾಳೆ. "ಪೇರೆಂಟ್ ಅಲ್ಲ," ಎಂದು ಗದರಿದಂತೆ ಹೇಳಿ ಪೆನ್ನು ಕಸಿದುಕೊಂಡ. ಹೆಸರು ಬರೆದ. ಉದ್ಯೋಗ ಎಂಬ ಕಾಲಮ್ಮಿನಲ್ಲಿ 'ಕಲಾವಿದ' ಎಂದು ಬರೆಯಲು ಹೋಗಿ, ಮೊದಲ ಅಕ್ಷರಕ್ಕೇ ಕೈ ನಿಂತು, ಅದೇ ಅಕ್ಷರವನ್ನು ಎಳೆದು 'ಕಲಾ ಶಿಕ್ಷಕ, ಹಾನಗಲ್ಲ' ಎಂದು ಮುಗಿಸಿದ. ಮೇಲಿನ ಸಾಲಿನಲ್ಲಿ ಯಾವನೋ ಒಬ್ಬ ತನ್ನ ಸಹಿಯ ಮುಂದೆ ಯಾವ ಸಂಕೋಚವೂ ಇಲ್ಲದೆ 'ಆರ್ಟಿಸ್ಟ್' ಎಂದು ಗೀಚಿದ್ದ. ಅಕ್ಷರಗಳು ಬೇಕೆಂತಲೇ ಸೊಟ್ಟಗಿದ್ದವು.

ಶಿಗ್ಗಾವಿಯಲ್ಲಿ ಹೈವೇಗೆ ಹತ್ತಿಕೊಂಡಿದ್ದ ಆ ಕಲಾ ಕಾಲೇಜಿಗೆ ಅವನು ಪ್ರತಿ ವರ್ಷ ಬರುತ್ತಿದ್ದ. ಕೊನೆಯ ವರ್ಷದ ಹುಡುಗ ಹುಡುಗಿಯರು ತಮ್ಮ ಕೆಲಸವನ್ನೆಲ್ಲ ಗೋಡೆಗೆ ಏರಿಸಿ ನಾಲ್ಕು ದಿನ ಪ್ರದರ್ಶನ ಇಡುತ್ತಿದ್ದರು. ಹಾನಗಲ್ಲಿನಿಂದ ಬೆಳಗಿನ ಬಸ್ಸು ಹಿಡಿದು, ಬಂಕಾಪುರದ ಮೇಲೆ ಹಾಯ್ದು, ಇಳಿದು, ಒಂದು ಸುತ್ತು ನೋಡಿ, ಸಂಜೆಯೊಳಗೆ ಮನೆ. ಯಾಕೆ ಹೋಗುತ್ತೀರಿ ಎಂದು ಯಾರಾದರೂ ಕೇಳಿದರೆ ಸ್ಫೂರ್ತಿಗೆ ಎನ್ನುತ್ತಿದ್ದ. ಇವತ್ತು ಮುಂಜಾನೆ ಹೆಂಡತಿ ವೇದಾ ಚಪಾತಿ ಲಟ್ಟಿಸುತ್ತಲೇ, "ಸ್ಫೂರ್ತಿ ತುಂಬಿಕೊಂಡು ಬರ್ಲಿಕ್ಕೆ ಚೀಲ ಕೊಡ್ಲೇನು? ಹ್ವಾದ ವರ್ಷ ಮೊಬೈಲಿನ್ಯಾಗ ಹಿಡಿಸಲಿಲ್ಲ ಅಂದ್ರಿ," ಎಂದಿದ್ದಳು. ಅವಳು ನಗುತ್ತ ಹೇಳಿದ್ದಳು. ಅವನು ತಾಟನ್ನು ಸರಿಸಿ ಎದ್ದುಬಿಟ್ಟಿದ್ದ. ಹೋದ ವರ್ಷ ಒಬ್ಬ ಹುಡುಗಿಯ ಮೀನುಗಳು ಅವನ ಮೊಬೈಲು ಸೇರಿ, ಅಲ್ಲಿಂದ ಪಂಚಾಯತಿಯ ನೀರಿನ ಟಾಕಿಯ ಮೇಲೆ ಈಜಿದ್ದವು. ಅದರ ಹಿಂದಿನ ವರ್ಷ ಯಾರದೋ ಗಾಳಿಪಟಗಳು ಹಿರೇಕೆರೂರು ಕಡೆಯ ಒಂದು ಶಾಲೆಯ ರಂಗಮಂಚದ ಹಿಂದೆ ಹಾರಿದ್ದವು. ಕದ್ದೆ ಎಂದು ಅವನಿಗೆ ಎಂದೂ ಚುಚ್ಚಿರಲಿಲ್ಲ. ಚುಚ್ಚಿದ್ದು ಬೇರೆ. ಆ ಹುಡುಗಿಯ ಮೀನು ಕಾಗದದಲ್ಲಿ ಒದ್ದಾಡುತ್ತಿತ್ತು. ಅವನ ಕೈಗೆ ಬಂದು ಟಾಕಿಯ ಮೇಲೆ ಇಳಿದಾಗ ಅದು ಪಾಠದ ಪುಸ್ತಕದ ಮೀನಾಗಿತ್ತು. ರೆಕ್ಕೆ ಸರಿ, ಹುರುಪೆ ಸರಿ, ಕಣ್ಣು ಸರಿ. ಕೆಳಗೆ ಹೆಸರು ಬರೆದರೆ ಮಕ್ಕಳು ಬಾಯಿಪಾಠ ಮಾಡಬಹುದಿತ್ತು.

ಈ ಸಲ ಮಾತ್ರ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಹಾನಗಲ್ಲಿನ ಹೊಸ ವಾಚನಾಲಯದ ಒಳಗೋಡೆ ಇಪ್ಪತ್ತು ಅಡಿ ಖಾಲಿ ನಿಂತಿತ್ತು. ಅದಕ್ಕೆ ಚಿತ್ರ ಬರೆಸುವ ಸಮಿತಿಯ ಅಧ್ಯಕ್ಷ ಚಂದ್ರಪ್ಪ, ಊರಿನಲ್ಲಿ ಬೇರೆ ಯಾರಿದ್ದಾರೆ ಎಂದು, ಇವನನ್ನೇ ಕರೆಸಿದ್ದ. ಕರೆಸಿ ಕೂರಿಸಿ, ನಾಲ್ಕು ಜನರ ಮುಂದೆ, "ನೋಡ್ರಿ ಮಾಸ್ತರ್ರ, ಸಿಟ್ಟಿಗೇಳಬ್ಯಾಡ್ರಿ. ನವಿಲು ಬ್ಯಾಡ. ಗುಡ್ಡದ ನಡಕ ಸೂರ್ಯಾ ಬ್ಯಾಡ. ಬಿಂದಗಿ ಹೊತ್ತ ಹೆಣಮಕ್ಕಳು ಸಾಕಾಗ್ಯಾರ, ಅವರನ್ನ ಇಳಿಸ್ರಿ. ಏನರ ಹೊಸಾದು ತರ್ರಿ. ಸೋಮವಾರ ಸ್ಕೆಚ್ ತೋರಸ್ರಿ, ಇಲ್ಲಾಂದ್ರ ಹುಬ್ಬಳ್ಳಿಯಿಂದ ಯಾರನ್ನರ ಕರೆಸೋಣು," ಎಂದಿದ್ದ. ಬಿಂದಿಗೆ ಹೊತ್ತವರನ್ನು ಇಳಿಸಿರಿ ಎಂಬ ಮಾತಿಗೆ ಎಲ್ಲರೂ ನಕ್ಕಿದ್ದರು. ಸುಶೀಂದ್ರನೂ ನಕ್ಕಿದ್ದ. ಮನೆಗೆ ಬಂದು, ನಕ್ಕದ್ದಕ್ಕೆ ತನ್ನ ಮೇಲೆಯೇ ಉರಿದುಬಿದ್ದು, ಎಂಟು ದಿನ ಕಾಗದದ ಮುಂದೆ ಕೂತು ಎದ್ದಿದ್ದ. ಇವತ್ತು ಶನಿವಾರ. ಅವನಿಗೆ ಐವತ್ತೆರಡು ವರ್ಷ ಮುಗಿಯುತ್ತ ಬಂದಿತ್ತು. ಈ ಗೋಡೆ ಹೋದರೆ ಮುಂದೆ ತನಗೆ ಗೋಡೆಗಳಿಲ್ಲ, ಕಂಪೌಂಡುಗಳಷ್ಟೇ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಮೊದಲ ಎರಡು ಕೋಣೆಗಳಲ್ಲಿ ಅವನಿಗೆ ಜೀವ ಹಗುರಾಯಿತು. ಹರಿದ ಸೈಕಲ್ ಟ್ಯೂಬು ಹೆಣೆದು ಮಾಡಿದ ಕುರ್ಚಿ, ಕೂರಬೇಡಿ ಎಂಬ ಚೀಟಿ. ಕೂರಲಾಗದ ಕುರ್ಚಿ ಯಾತಕ್ಕೆ? ಸವಣೂರು ಖಾರಾ ಎಂಬ ಕುರುಕಲು ತಿಂಡಿಗೆ ಒಬ್ಬ ಹೊಸ ಪೊಟ್ಟಣ ಡಿಸೈನು ಮಾಡಿದ್ದ. ಅದನ್ನು ನೋಡಿದರೆ ಒಳಗೆ ತಲೆನೋವಿನ ಗುಳಿಗೆ ಇದ್ದಂತೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಮುರಿದ ಕನ್ನಡಿಗಳನ್ನು ತೂಗುಬಿಟ್ಟು 'ನಾನು' ಎಂದು ಹೆಸರಿಟ್ಟಿದ್ದರು. ಏನೂ ಬರದವರು, ಗೆರೆ ಎಳೆಯಲು ಬರದವರು ಎಂದುಕೊಳ್ಳುತ್ತ ಹೋದಂತೆ ಅವನ ಹೆಜ್ಜೆಗೆ ಬಲ ಬಂತು. ಎಲ್ಲವೂ ಕೆಟ್ಟದ್ದಿರಲಿ ಎಂದು ಅವನು ಬಯಸುತ್ತಿದ್ದ. ಎಲ್ಲವೂ ಕೆಟ್ಟದ್ದಾದರೆ ಸೋಮವಾರಕ್ಕೆ ತನಗೇನು ಸಿಗುತ್ತದೆ ಎಂದು ಅದೇ ಗಳಿಗೆಯಲ್ಲಿ ಅಂಜುತ್ತಲೂ ಇದ್ದ. ಈ ಎರಡೂ ಒಟ್ಟಿಗೆ ಒಳಗೆ ಕುದಿಯುತ್ತಿದ್ದಾಗಲೇ ಮೂರನೆಯ ಕೋಣೆಯ ಬಾಗಿಲಲ್ಲಿ ಕಾಲು ನಿಂತವು.

ಎದುರಿನ ಗೋಡೆಯ ಉದ್ದಕ್ಕೂ ಖಾಕಿ ಕಾಗದ, ಹಾಳೆಗೆ ಹಾಳೆ ಅಂಟಿಸಿ, ಈ ತುದಿಯಿಂದ ಆ ತುದಿಗೆ. ಅದರ ಮೇಲೆ ಇದ್ದಿಲು ಮತ್ತು ಸುಣ್ಣ. ಬೇರೆ ಬಣ್ಣವಿಲ್ಲ. ಕೈಗಳು. ಬರೀ ಕೈಗಳು, ಒಂದೊಂದೂ ಮನುಷ್ಯನಷ್ಟು ಎತ್ತರ, ವೀಳ್ಯದೆಲೆ ಆರಿಸುವ ಕೈಗಳು. ಒಂದು ಕೈ ಎಲೆಯ ತೊಟ್ಟು ಚಿವುಟುತ್ತಿದೆ, ಒಂದು ಕೈ ಎಲೆಯ ಮೇಲೆ ಎಲೆ ಇಟ್ಟು ಕಟ್ಟು ಕಟ್ಟುತ್ತಿದೆ, ಒಂದು ಕೈ ಕೊಳೆತ ಎಲೆಯನ್ನು ನೋಡದೆಯೇ ಬೆರಳಿನಿಂದಲೇ ಗುರುತಿಸಿ ಆಚೆ ಎಸೆಯುತ್ತಿದೆ. ಮುಖ ಎಲ್ಲಿಯೂ ಇಲ್ಲ, ಆದರೆ ಆ ಕೈಯವಳು ಸಿಟ್ಟಿನಲ್ಲಿದ್ದಾಳೋ ಸಂತೋಷದಲ್ಲಿದ್ದಾಳೋ ತಿಳಿಯುತ್ತಿತ್ತು. ಸುಶೀಂದ್ರ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಇಪ್ಪತ್ತು ಅಡಿ. ಅಳೆಯುವುದೇ ಬೇಕಿರಲಿಲ್ಲ. ಇದು ತನ್ನ ಗೋಡೆ. ಎಂಟು ದಿನದಿಂದ ಖಾಲಿ ಕಾಗದದ ಮುಂದೆ ಕುಳಿತಾಗ ತಾನು ಕಾಣಬೇಕಾಗಿದ್ದು ಇದೇ, ಯಾರೋ ತನಗಿಂತ ಮೊದಲು ಕಂಡುಬಿಟ್ಟಿದ್ದಾರೆ ಎಂದು ಅನ್ನಿಸಿ, ಯಾರವನು ಎಂದು ಹಲ್ಲು ಕಚ್ಚಿ ಚೀಟಿಯ ಹತ್ತಿರ ಹೋದ. 'ಸುಹಾನಾ, ಸವಣೂರು' ಎಂದಿತ್ತು.

ಸುಹಾನಾ. ಸವಣೂರಿನ ಹೈಸ್ಕೂಲಿನಲ್ಲಿ ಅವನು ಮಾಸ್ತರನಾಗಿದ್ದಾಗ ಎರಡನೆಯ ಬೆಂಚಿನ ತುದಿಗೆ ಕೂರುತ್ತಿದ್ದ ತೆಳ್ಳನೆಯ ಹುಡುಗಿ. ಮಕ್ಕಳು ಅವನನ್ನು ಬೆನ್ನ ಹಿಂದೆ ರಬ್ಬರ್ ಮಾಸ್ತರ ಎನ್ನುತ್ತಿದ್ದುದು ಅವನಿಗೆ ಗೊತ್ತಿತ್ತು. ಬೆಂಚುಗಳ ನಡುವೆ ತಿರುಗುತ್ತ, ಒಬ್ಬೊಬ್ಬರ ಹಾಳೆಯ ಮೇಲೂ ಬಾಗಿ, ತಪ್ಪು ಗೆರೆಯನ್ನು ಅಳಿಸಿ, ಅಂಗಿಯ ಕಿಸೆಯ ಫೋರ್ ಬಿ ಪೆನ್ಸಿಲ್ಲಿನಿಂದ ಸರಿಯಾದ ಗೆರೆ ಎಳೆದು ಮುಂದೆ ಹೋಗುವುದು ಅವನ ಪದ್ಧತಿ. ಹೇಳಿಕೊಡುವುದಕ್ಕಿಂತ ಅದು ಬೇಗ ಮುಗಿಯುತ್ತಿತ್ತು. ಎಲ್ಲ ಮಕ್ಕಳ ಕೈ ಅವನು ಬಂದ ಕೂಡಲೆ ಹಿಂದೆ ಸರಿಯುತ್ತಿತ್ತು. ಈ ಹುಡುಗಿಯ ಕೈ ಸರಿಯುತ್ತಿರಲಿಲ್ಲ, ಆಕೆಯ ಗೆರೆಗೆ ಅಂಜಿಕೆಯೇ ಇರಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಆಕೆ, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂಡ್ರಲೇನ್ರಿ ಸರ್, ಎಂದು ಕೇಳಲು ಬಂದಾಗ ಅವನು ಅವಳ ಹಾಳೆಯನ್ನು ಬಹಳ ಹೊತ್ತು ನೋಡಿದ್ದ. ನೋಡಿ, ಮೆಹಂದಿ ಹಾಕ್ಲಿಕ್ಕೆ ಇಷ್ಟು ಸಾಕವಾ, ಎಂದಿದ್ದ. ವರ್ಗವೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು, ಥೇಟ್ ಚಂದ್ರಪ್ಪನ ಮುಂದೆ ತಾನು ನಕ್ಕ ಹಾಗೆ. ಅದನ್ನು ಯಾಕೆ ಅಂದೆ ಎಂದು ಅವತ್ತು ಅವನು ಕೇಳಿಕೊಂಡಿರಲಿಲ್ಲ. ಇವತ್ತೂ ಕೇಳಿಕೊಳ್ಳಲಿಲ್ಲ. ಚೀಟಿಯನ್ನು ಮತ್ತೆ ಮೇಲಿಂದ ಕೆಳಗೆ ಓದಿದ. ಕಾಲೇಜಿನ ಗುರುಗಳ ಹೆಸರುಗಳಿದ್ದವು. ಸುಣ್ಣ ಅರೆದುಕೊಟ್ಟ ಗೆಳತಿ ದಿಲ್ಶಾದಳ ಹೆಸರಿತ್ತು. ಕೊನೆಗೆ 'ಗೆರೆ ಕಲಿಸಿದವಳು ನಮ್ಮ ಅಮ್ಮಿ' ಎಂದಿತ್ತು. ಅವನ ಹೆಸರಿರಲಿಲ್ಲ. ಇರಬೇಕೆಂದು ತಾನು ಹುಡುಕುತ್ತಿದ್ದೆ ಎಂಬುದು ಗೊತ್ತಾಗಿ ಕಿವಿ ಬಿಸಿಯಾದವು.

ಮೊಬೈಲು ತೆಗೆದ. ಕೋಣೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಚಹಾದ ಕಡೆಗಿದ್ದರು. ಒಂದೊಂದು ಕೈಯದೂ ಎರಡು ಮೂರು ಫೋಟೋ ಹೊಡೆದ. ಹದಿನಾಲ್ಕಾದವು. ಎಲೆ ತೆಗೆದುಹಾಕಿ ಅಲ್ಲಿ ಪುಸ್ತಕ ಇಟ್ಟರೆ ವಾಚನಾಲಯಕ್ಕೆ ಹೊಂದುತ್ತದೆ, ಚಂದ್ರಪ್ಪ ಬಾಯಿ ಮುಚ್ಚುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದಾಗಲೂ ಒಳಗಿನ ಉರಿ ಆರಲಿಲ್ಲ. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಸಾಕೆಂದು, ಮುಖವನ್ನು ಕಾಗದಕ್ಕೆ ಹತ್ತಿರ ಒಯ್ದು, ಗೆರೆಗೆ ಗೆರೆ ತಡಕುತ್ತ ನಡೆದ. ಮೂರನೆಯ ಕೈಯಲ್ಲಿ ಸಿಕ್ಕಿತು. ಹೆಬ್ಬೆರಳು. ಮೇಲಿನ ಗೆಣ್ಣು ಹೊರಕ್ಕೆ ಹೊರಳಿತ್ತು, ಉಗುರು ಒಂದು ಕಡೆ ದಪ್ಪ, ತುದಿ ಹಿಂದಕ್ಕೆ ಬಾಗಿ ಯಾವುದೋ ಬೇರೆ ದಿಕ್ಕಿಗೆ ಹೊರಟಿತ್ತು. ಯಾವ ಮನುಷ್ಯನ ಹೆಬ್ಬೆರಳೂ ಹಾಗಿರುವುದಿಲ್ಲ. ಎಂಟನೆಯ ಇಯತ್ತೆಯವನೂ ಮಾಡದ ತಪ್ಪು! ಅವನ ಎದೆಯೊಳಗೆ ತಣ್ಣನೆಯ ನೀರು ಸುರಿದಂತಾಯಿತು. ಪಾಪ, ಹುಡುಗಿಗೆ ಗೆಣ್ಣು ಹಿಡಿಯಲು ಬರುವುದಿಲ್ಲ ಎಂದುಕೊಂಡ. ಆಕೆಯ ಮೇಲೆ ಪ್ರೀತಿಯೇ ಉಕ್ಕಿತು. ನಕ್ಕೂಬಿಟ್ಟ. ಮುಂದಿನದು ಹೇಗಾಯಿತೆಂದು ಆಮೇಲೆ ಎಷ್ಟು ನೆನೆದರೂ ಅವನಿಗೆ ತಿಳಿಯಲಿಲ್ಲ. ಕೋಣೆ ಇರಲಿಲ್ಲ, ಪ್ರದರ್ಶನ ಇರಲಿಲ್ಲ, ಎರಡನೆಯ ಬೆಂಚಿನ ತುದಿ ಇತ್ತು, ಬಾಗಿದ ಬೆನ್ನಿತ್ತು. ಎಡಗೈಯ ಅಂಗೈ ಇದ್ದಿಲಿನ ಗೆರೆಯನ್ನು ಉಜ್ಜಿ ಒರೆಸಿತು, ಬಲಗೈ ಕಿಸೆಯಿಂದ ಪೆನ್ಸಿಲ್ ತೆಗೆದು, ಮೂರೇ ಎಳೆತದಲ್ಲಿ, ಗಟ್ಟಿಯಾಗಿ, ತಪ್ಪಿಲ್ಲದ ಒಂದು ಹೆಬ್ಬೆರಳನ್ನು ಕೂರಿಸಿತು.

ಮುಂದಿನ ಬೆಂಚಿಗೆ ಹೋಗಬೇಕೆಂದು ಹೆಜ್ಜೆ ಎತ್ತಿದಾಗ ಮುಂದೆ ಬೆಂಚು ಇರಲಿಲ್ಲ, ಗೋಡೆ ಇತ್ತು.

ಓಡಿಹೋಗಬಹುದಿತ್ತು. ಬಾಗಿಲಿಗೆ ಹನ್ನೆರಡು ಹೆಜ್ಜೆ. ಅಷ್ಟರಲ್ಲಿ, "ಸರ್ರ! ನೀವ ಬಂದೀರಿ!" ಎಂಬ ದನಿ ಬೆನ್ನ ಹಿಂದೆ ಕೇಳಿತು. ಸುಹಾನಾ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಆಕೆಯ ಹಿಂದೆ ಒಬ್ಬ ಹೆಂಗಸು, ಸೆರಗು ತಲೆಗೆ ಹೊದ್ದು, ಎರಡೂ ಕೈಯಲ್ಲಿ ಚಹಾದ ಕಾಗದದ ಕಪ್ಪು ಹಿಡಿದು ನಿಂತಿದ್ದಳು.

"ಅಮ್ಮೀ, ನಮ್ಮ ಡ್ರಾಯಿಂಗ್ ಸರ್. ಹೈಸ್ಕೂಲಿನ್ಯಾಗ ಇದ್ರಲ್ಲ."

"ಗೊತ್ತೈತಿ ತಗೊ. ಮಾಸ್ತರ್ರ, ನಾ ಮುಮ್ತಾಜಬೇಗಂ. ಇಷ್ಟ್ ದೂರ ನಮ್ಮ ಹುಡುಗಿ ಸಲುವಾಗಿ ಬಂದ್ರಲ್ರಿ, ದೊಡ್ಡವ್ರು ನೀವು. ಚಾ ತಗೋರ್ರಿ, ಆರತೈತಿ."

ಕಪ್ಪನ್ನು ಅವನ ಕಡೆ ಚಾಚಿದಳು. ಕಪ್ಪಿನ ಅಂಚನ್ನು ಹಿಡಿದಿದ್ದ ಹೆಬ್ಬೆರಳಿನ ಮೇಲಿನ ಗೆಣ್ಣು ಹೊರಕ್ಕೆ ಹೊರಳಿತ್ತು. ಉಗುರು ಒಂದು ಕಡೆ ದಪ್ಪ. ತುದಿ ಹಿಂದಕ್ಕೆ ಬಾಗಿತ್ತು. ಸುಶೀಂದ್ರ ಅದನ್ನು ನೋಡಿದ. ಚಹಾ ತೆಗೆದುಕೊಳ್ಳುವುದನ್ನು ಮರೆತು ನೋಡಿದ. ಆಕೆ ಅವನ ಕಣ್ಣು ಹೋದ ಕಡೆ ತಾನೂ ನೋಡಿ, "ಮೂವತ್ತು ವರ್ಷ ಎಲಿ ತೊಟ್ಟು ಚಿವುಟಿ ಚಿವುಟಿ ಹಿಂಗಾಗೇತ್ರಿ. ಡಾಕ್ಟರ್ ಕಡೆ ಒಯ್ದಾಗ ಯಾರೂ ನೋಡಲಿಲ್ಲ, ಈಗ ನಿನ್ನಿಯಿಂದ ಮಂದಿ ಫೋಟೋ ಹೊಡ್ಯಾಕತ್ತಾರ," ಎಂದು ನಕ್ಕಳು.

ಸುಹಾನಾ ನಗಲಿಲ್ಲ. ಆಕೆ ಗೋಡೆಯನ್ನು ನೋಡುತ್ತಿದ್ದಳು. ನಿಧಾನವಾಗಿ ಹೋಗಿ ಮೂರನೆಯ ಕೈಯ ಮುಂದೆ ನಿಂತಳು. ಯಾವುದೋ ಸಣ್ಣ ಮಗು ಗೀಚಿರಬೇಕು ಎಂದು ಆಕೆ ಅನ್ನಲಿ ಎಂದು ಸುಶೀಂದ್ರ ಕಾದ. ಅಂದರೆ ಹೌದು, ನಾನು ನೋಡಿದೆ, ಕೆಂಪು ಅಂಗಿಯ ಹುಡುಗ ಎನ್ನಲು ನಾಲಗೆ ಸಿದ್ಧವಾಗಿತ್ತು. ಎಡ ಅಂಗೈ ಕರ್ರಗಾಗಿತ್ತು. ಅದನ್ನು ಮುಷ್ಟಿ ಮಾಡಿದ.

"ಸರ್, ಇದು ನಿಮ್ಮ ಗೆರಿ," ಎಂದಳು ಸುಹಾನಾ.

ದನಿಯಲ್ಲಿ ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಪರಿಚಯದವರ ಮನೆಯ ಬಾಗಿಲು ಗುರುತಿಸಿದ ಹಾಗೆ ಅಂದದ್ದಕ್ಕೆ ಅವನ ತಲೆ ಕೆಟ್ಟಿತು. "ಹೌದು! ತಪ್ಪಿತ್ತು, ತಿದ್ದೀನಿ. ಏನೀಗ? ನಾಲ್ಕು ವರ್ಷ ಕಾಲೇಜಿನ್ಯಾಗ ಒಂದು ಹೆಬ್ಬೆರಳು ಕಲಿಸಲಿಲ್ಲೇನು ನಿನಗ? ತಪ್ಪು ಕಂಡ್ರ ತಿದ್ದೋದು ನನ್ನ ಕೆಲಸ. ನನ್ನ ಮ್ಯಾಲೆ ಯಾಕ ಕಣ್ಣು ತೆಗೀತಿ?" ಎಂದು ಕೂಗಿದ. ಕೋಣೆ ದೊಡ್ಡದಾಗಿದ್ದರಿಂದ ಮಾತು ಅವನ ಮೇಲೆಯೇ ತಿರುಗಿ ಬಿತ್ತು. ಯಾರೂ ಅವನನ್ನು ದುರುಗುಟ್ಟಿ ನೋಡಿರಲಿಲ್ಲ.

ಮುಮ್ತಾಜಬೇಗಂ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗೋಡೆಯ ಹತ್ತಿರ ಹೋಗಿ, ತನ್ನ ಹೆಬ್ಬೆರಳನ್ನು ಪೆನ್ಸಿಲ್ಲಿನ ಹೆಬ್ಬೆರಳಿನ ಪಕ್ಕಕ್ಕೆ ಹಿಡಿದು ನೋಡಿದಳು. "ಮಾಸ್ತರ್ರ, ತಪ್ಪಿದ್ದದ್ದು ನನ್ನ ಬೆರಳ್ರಿ. ಹುಡುಗಿ ಬರೋಬ್ಬರಿ ತಗದಾಳ," ಎಂದಳು. ಮತ್ತೆ, ತನ್ನಷ್ಟಕ್ಕೆ, "ಇದೂ ಛಲೋ ಐತಿ ಬಿಡ್ರಿ. ಮದಿವಿ ಆಗಿ ಬಂದಾಗ ಹಿಂಗ ಇತ್ತು," ಎಂದಳು.

ಒಂದು ಗಂಟೆಗೆ ಧಾರವಾಡದಿಂದ ಪರೀಕ್ಷಕರು ಬರುವವರಿದ್ದರು. ಅವರು ಅಂಕ ಹಾಕಿದ ಮೇಲೆಯೇ ಡಿಗ್ರಿ. ಸುಶೀಂದ್ರ ಗಡಿಯಾರ ನೋಡಿದ, ಹನ್ನೆರಡೂವರೆ. "ರಬ್ಬರ್ ತಾ. ಇದ್ದಿಲು ತಾ. ನಾನ ಅಳಿಸ್ತೀನಿ, ನೀ ಮತ್ತ ತೆಗಿ," ಎಂದ. ದನಿ ಬೇಡಿದಂತೆ ಬಂತು.

"ಅಳಸೂದು ಬ್ಯಾಡ್ರಿ ಸರ್," ಎಂದಳು ಸುಹಾನಾ. "ಸಾಲ್ಯಾಗ ನೀವು ತಿದ್ದಿದ ಹಾಳಿ ಎಲ್ಲಾ ಮನ್ಯಾಗ ಟ್ರಂಕಿನ್ಯಾಗ ಅದಾವು. ಅವುದ್ರಾಗ ಯಾವ ಗೆರಿ ನಂದು, ಯಾವುದು ನಿಮ್ಮದು ಅಂತ ನಾ ಒಬ್ಬಾಕಿನ ಕುಂತು ಬಿಡಿಸ್ತಿದ್ದೆ. ಇದೊಂದು ಇಲ್ಲೇ ಇರಲಿ. ನಿಮ್ಮ ಪೆನ್ಸಿಲ್ ಕೊಡ್ರಿ."

ಕೊಟ್ಟ. ಆಕೆ ಚೀಟಿಯ ಮುಂದೆ ಬಾಗಿ, ಅಮ್ಮಿಯ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದಳು: 'ಮೂರನೆಯ ಕೈಯ ಹೆಬ್ಬೆರಳನ್ನು ತಿದ್ದಿದವರು ನನ್ನ ಹೈಸ್ಕೂಲಿನ ಡ್ರಾಯಿಂಗ್ ಸರ್, ಸುಶೀಂದ್ರ ಕುಲಕರ್ಣಿ.' ತಾಯಿ ಓದಿಸಿಕೊಂಡು, "ಹೆಸರು ಯಾಕ ಬೇ? ಮಾಸ್ತರ್ರಿಗೆ ನಾಚಿಕಿ ಆಕ್ಕೈತಿ," ಎಂದಳು. "ಬರೀಲಿ ಬಿಡ್ರಿ," ಎಂದ ಸುಶೀಂದ್ರ. ಇದು ಮರ್ಯಾದೆಯೋ ಸೇಡೋ ಎಂದು ಹುಡುಗಿಯ ಮುಖದಲ್ಲಿ ಹುಡುಕಿದ. ಅಲ್ಲಿ ಪರೀಕ್ಷೆಯ ಗಾಬರಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆಕೆ ಅವನನ್ನು ಆಗಲೇ ಮರೆತಿದ್ದಳು.

ಪರೀಕ್ಷಕರು ಬಂದಾಗ ಅವನು ಹೋಗಿಬಿಡಬೇಕಿತ್ತು. ಹೋಗಲಿಲ್ಲ. ತಂದೆತಾಯಿಗಳ ಸಾಲಿನಲ್ಲಿ, ಆರಿದ ಚಹಾ ಹಿಡಿದುಕೊಂಡು, ಗೋಡೆಗೆ ಅಂಟಿ ನಿಂತ. ಪರೀಕ್ಷಕ ಅವನಿಗಿಂತ ಹತ್ತು ವರ್ಷ ಚಿಕ್ಕವನಿದ್ದ. ಮೊದಲ ಕೈ ನೋಡಿದ, ಎರಡನೆಯದು ನೋಡಿದ, ಮೂರನೆಯದರ ಮುಂದೆ ನಿಂತುಬಿಟ್ಟ. ಬಾಗಿ ನೋಡಿದ. ಹಿಂದೆ ಸರಿದು ನೋಡಿದ. ಚೀಟಿ ಓದಿ ಬಂದು ಮತ್ತೆ ನೋಡಿದ.

"ಇದು ಯಾವಾಗ ಆಗಿದ್ದು?"

"ಇವತ್ತ ಸರ್. ಅರ್ಧಾ ತಾಸಾತು."

ಅವನು ನಕ್ಕ, ನಕ್ಕು ಜೊತೆಗಿದ್ದ ಕಾಲೇಜಿನ ಮಾಸ್ತರನ ಕಡೆ ತಿರುಗಿ, "ಹುಷಾರು ಹುಡುಗಿ. ನೋಡ್ರಿ, ಇದೊಂದು ಸುಳ್ಳು ಬೆರಳು ಇದ್ದದ್ದಕ್ಕ ಉಳಿದ ಬೆರಳೆಲ್ಲಾ ಎಷ್ಟು ಖರೇ ಅನಸ್ತಾವು," ಎಂದ. ಎಲ್ಲರೂ ಹತ್ತಿರ ಬಂದು ಆ ಬೆರಳನ್ನು ನೋಡಿದರು. ಯಾರೋ ಒಬ್ಬ ಮೊಬೈಲು ತೆಗೆದು ಫೋಟೋ ಹೊಡೆದ. ಇಪ್ಪತ್ತಾರು ವರ್ಷದಲ್ಲಿ ತಾನು ಎಳೆದ ಒಂದು ಗೆರೆಯನ್ನು ಇಷ್ಟು ಜನ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು ಎಂದು ಸುಶೀಂದ್ರನಿಗೆ ಹೊಳೆಯಿತು. ಆ ಗೆರೆಗೆ ತನ್ನ ಕಾಗದದಲ್ಲಿ ಎಂದೂ ಬಾರದ ಜೀವ ಆಕೆಯ ಕಾಗದದಲ್ಲಿ ಬಂದಿತ್ತು. ತನ್ನ ಗೆರೆಯ ಮೇಲೆಯೇ ತನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ತಿಳಿದಾಗ ಅವನು ಕಪ್ಪನ್ನು ಹಿಸುಕಿದ. ಚಹಾ ಅಂಗಿಯ ಮೇಲೆ ಚೆಲ್ಲಿತು. ಮುಮ್ತಾಜಬೇಗಂ ಸೆರಗಿನ ತುದಿ ಮುಂದೆ ಮಾಡಿದಳು. ಅವನು ಬೇಡವೆಂದು ತಲೆಯಾಡಿಸಿ, ಯಾರಿಗೂ ಹೇಳದೆ ಹೊರಬಿದ್ದ.

ಶಿಗ್ಗಾವಿ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಫೋನು ಬಂತು. ಚಂದ್ರಪ್ಪ.

"ಏನ್ರಿ ಕುಲಕರ್ಣಿ ಮಾಸ್ತರ್ರ, ಸಿಕ್ತೇನು ಏನರ? ಕಮಿಟಿಯವ್ರು ಕೇಳಾಕತ್ತಾರ."

ಹದಿನಾಲ್ಕು ಫೋಟೋ ಕಿವಿಗೆ ಹಚ್ಚಿಕೊಂಡ ಅದೇ ಫೋನಿನಲ್ಲಿದ್ದವು. ಎಲೆ ತೆಗೆದು ಪುಸ್ತಕ ಇಡುವುದು ಎರಡು ತಾಸಿನ ಕೆಲಸ. ಬೆರಳುಗಳು ತನ್ನ ಕೈಯಲ್ಲಿ ತಾವಾಗಿಯೇ ನೆಟ್ಟಗಾಗುತ್ತವೆ. ಯಾರೂ ಗುರುತು ಹಿಡಿಯುವುದಿಲ್ಲ, ಸುಹಾನಾ ಕೂಡ ಹಿಡಿಯಲಿಕ್ಕಿಲ್ಲ. "ಸಿಕ್ತು," ಎಂದ. ಮುಂದಿನದನ್ನು ಬೈಗುಳ ಉಗಿದ ಹಾಗೆ ಹೇಳಿದ: "ನನಗಲ್ಲ. ಸವಣೂರಿನ ಹುಡುಗಿ ಒಬ್ಬಾಕಿ ಇದ್ದಾಳ, ಸುಹಾನಾ ಅಂತ. ಇಲ್ಲೇ ಕಾಲೇಜಿನ್ಯಾಗ. ಆಕಿ ಕಡೆ ಬರೆಸ್ರಿ. ನನ್ನ ಕಡೆ ಆಗೂದಿಲ್ಲ."

"ಸಿಟ್ಟಿಲೆ ಹೇಳಾಕತ್ತೀರೋ ಖರೇನೋ? ನವಿಲಿನ ಮಾತು ಇನ್ನೂ ಮನಸಿನ್ಯಾಗ ಇಟ್ಕೊಂಡೀರೇನ್ರಿ?"

"ಖರೇನ ಹೇಳ್ಲಿಕ್ಕತ್ತೀನಿ."

"ಹಂಗಾರ ನಿಮ್ಮ ಶಿಷ್ಯಾಳೇನ್ರಿ ಆಕಿ?"

ಹೌದು ಎಂದುಬಿಡಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅಂದರೆ ನಾಳೆ ಆ ಗೋಡೆಯ ಮುಂದೆ ನಿಂತವರು ಒಮ್ಮೆ ತಿರುಗಿ ಇವನ ಕಡೆಗೂ ನೋಡುತ್ತಿದ್ದರು. ಕಂಡಕ್ಟರು ಹಾನಗಲ್ಲ, ಹಾನಗಲ್ಲ ಎಂದು ಬಸ್ಸಿನ ಬೆನ್ನು ಬಡಿಯುತ್ತಿದ್ದ.

"ಅಲ್ರಿ," ಎಂದು ಸುಶೀಂದ್ರ ಫೋನು ಇಟ್ಟ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಂಕಾಪುರ ಮುಟ್ಟುವವರೆಗೂ ಅವನು ಆ ಹುಡುಗಿ ಒಲ್ಲೆ ಎನ್ನಲಿ, ಹೇಗಾದರೂ ಒಲ್ಲೆ ಎನ್ನಲಿ ಎಂದು ಕಂಡ ದೇವರನ್ನೆಲ್ಲ ಬೇಡಿಕೊಂಡ. ಬಂಕಾಪುರ ದಾಟಿದ ಮೇಲೆ, ಆಕೆ ನಿಜಕ್ಕೂ ಒಲ್ಲೆ ಅಂದುಬಿಟ್ಟರೆ ಆ ಇಪ್ಪತ್ತು ಅಡಿ ಮತ್ತೆ ತನ್ನ ಪಾಲಿಗೇ ಬರುತ್ತದಲ್ಲ ಎಂದು ಹೊಳೆದು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.